ಅಚ್ಚಿನ ರೂಪ, ಗಣಿತದ ಅರ್ಥ: ಟೆಕ್ ಸಂಕೇತಪದ್ಧತಿಯ ಒಂದು ವಿಮರ್ಶೆ

ಗಣಿತವನ್ನು ಬರೆಯುವುದು ವಿದ್ವಾಂಸರ ಕೆಲಸ, ಅದನ್ನು ಅಚ್ಚಿಗೆ ಅಣಿಗೊಳಿಸುವುದು ಅಚ್ಚುಕೂಟದವರ ಕೆಲಸ ಎಂಬ ಕಾರ್ಯವಿಭಾಗ ಬಹುಕಾಲ ನಡೆದುಬಂದಿತು. ಲೇಖಕನು ಹಸ್ತಪ್ರತಿಯನ್ನು ಕೊಡುವನು. ಮೊಳೆ ಜೋಡಿಸುವವನು ತನ್ನ ಅನುಭವದ ಬಲದಿಂದ ಅದಕ್ಕೊಂದು ರೂಪವನ್ನು ಕೊಡುವನು. ಕರಡಚ್ಚಿನಲ್ಲಿ ಇಬ್ಬರೂ ಸಂಧಿಸುವರು. ಗಣಕಯಂತ್ರವು ಈ ವಿಭಾಗವನ್ನು ಅಳಿಸಿಹಾಕಿದೆ. ಇಂದು ಗಣಿತದ ಅಧ್ಯಾಪಕರೂ ಸಂಶೋಧನ ವಿದ್ಯಾರ್ಥಿಗಳೂ ತಮ್ಮ ಬರಹಕ್ಕೆ ತಾವೇ ಮೊಳೆಗಾರರಾಗಿದ್ದಾರೆ. ಮಾರ್ಕಪ್ ಎಂದು ಕರೆಯುವ ಸಂಕೇತಗಳನ್ನು ಅವರು ತಮ್ಮ ಕಡತದಲ್ಲಿ ಬರೆಯುತ್ತಾರೆ. ಯಂತ್ರವು ಅದನ್ನು ಪುಟವನ್ನಾಗಿ ಪರಿವರ್ತಿಸುತ್ತದೆ. ಆದರೆ ಈ ಸಂಕೇತಗಳನ್ನು ನಮ್ಮಲ್ಲಿ ಹೆಚ್ಚಿನವರು ಕಲಿಯುವುದು ಹಿರಿಯ ವಿದ್ಯಾರ್ಥಿಯ ಕಡತವನ್ನು ನೋಡಿ, ನಕಲುಮಾಡಿ. ಹಾಗಾಗಿ ಅದನ್ನು ಒರೆಗೆ ಹಚ್ಚುವ ಕಲ್ಲೂ ಒಂದೇ ಆಗಿದೆ: ಪುಟದ ಮೇಲೆ ಸರಿಯಾಗಿ ಕಂಡರೆ ಸಾಕು.

ಈ ಒರೆಗಲ್ಲು ಸಾಲದೆಂಬುದೇ ಪ್ರಕೃತ ಲೇಖನದ ವಾದ. ಗಣಿತವು ಈಗ ಎರಡು ಸಲ ಬರೆಯಲ್ಪಡುತ್ತದೆ: ಕಡತದಲ್ಲಿ ಒಮ್ಮೆ, ಪುಟದಲ್ಲಿ ಒಮ್ಮೆ. ಪುಟದ ಬರಹವನ್ನು ಕಣ್ಣು ಪರೀಕ್ಷಿಸುತ್ತದೆ. ಕಡತದ ಬರಹವೂ ಬರಹವೇ. ಅದಕ್ಕೂ ಸರಿ ತಪ್ಪುಗಳಿವೆ, ಗುಣ ದೋಷಗಳಿವೆ. ರೇಖಾಗಣಿತದ ಚಿಹ್ನೆಗಳನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಇಂದು ಗಣಿತ ಪ್ರಪಂಚದಲ್ಲಿ ಅತ್ಯಂತ ವ್ಯಾಪಕವಾಗಿರುವ ಟೆಕ್ ಪದ್ಧತಿಯನ್ನು ಈ ದೃಷ್ಟಿಯಿಂದ ಪರಿಶೀಲಿಸೋಣ. ಆ ಪದ್ಧತಿಯ ಆಜ್ಞಾಪದಗಳು ಮೂಲತಃ ರೋಮನ್ ಲಿಪಿಯವು. ಇಲ್ಲಿ ಅವುಗಳ ಉಚ್ಚಾರಣೆಯನ್ನು ಕನ್ನಡದಲ್ಲಿ ಬರೆದು, ಅವುಗಳ ಮುಂದೆ ವಾಡಿಕೆಯಂತೆ ವಾಲುಗೀಟನ್ನು ಇಟ್ಟಿದ್ದೇವೆ.

ಮೊದಲು ಇತಿಹಾಸವನ್ನು ಸಂಕ್ಷೇಪವಾಗಿ ನೋಡಬೇಕು. ಯೂಕ್ಲಿಡನ ಗ್ರಂಥವು ಮೊತ್ತಮೊದಲು ಅಚ್ಚಾದದ್ದು 1482ರಲ್ಲಿ, ವೆನಿಸ್ ನಗರದಲ್ಲಿ. ಮುದ್ರಕನಾದ ಎರ್‌ಹಾರ್ಟ್ ರಾಟ್‌ಡೋಲ್ಟನು ಆಕೃತಿಗಳನ್ನು ಪುಟದ ಅಂಚಿನ ತೆರಪಿನಲ್ಲಿ ಮುದ್ರಿಸಿದನು. ಪಠ್ಯವು ಒಂದೆಡೆ, ಆಕೃತಿಯು ಒಂದೆಡೆ. ಆ ಕಾಲದ ಪಠ್ಯದಲ್ಲಿ ಇಂದಿನ ಚಿಹ್ನೆಗಳು ಇರಲಿಲ್ಲ. ಸಮಚಿಹ್ನೆಯನ್ನು ರಾಬರ್ಟ್ ರೆಕಾರ್ಡನು 1557ರಲ್ಲಿ ಅಚ್ಚಿಗೆ ತಂದನು. ಲಂಬಕ್ಕೆ ⊥ ಚಿಹ್ನೆಯನ್ನು ಪಿಯೆರ್ ಎರಿಗೋನನು 1634ರಲ್ಲಿ ಬಳಸಿದನು. ಚಿಹ್ನೆಗಳು ಹೆಚ್ಚಿದಂತೆ ಮೊಳೆ ಜೋಡಿಸುವವನ ಕಷ್ಟವೂ ಹೆಚ್ಚಿತು. ಭಿನ್ನರಾಶಿಗೆ ಮೇಲೊಂದು ಸಾಲು, ನಡುವೆ ಗೀಟು, ಕೆಳಗೊಂದು ಸಾಲು. ಘಾತಾಂಕಕ್ಕೆ ಸಣ್ಣ ಮೊಳೆ. ಎಲ್ಲವನ್ನೂ ಸೀಸದ ತುಂಡುಗಳಿಂದ ಬಿಗಿಯಬೇಕು. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ಮುದ್ರಣಾಲಯವು 1954ರಲ್ಲಿ ಗಣಿತಮುದ್ರಣವನ್ನು ಕುರಿತು ಲೇಖಕರಿಗೂ ಮೊಳೆಗಾರರಿಗೂ ಒಟ್ಟಾಗಿ ಉಪಯೋಗವಾಗುವ ಗ್ರಂಥವೊಂದನ್ನು ಹೊರತಂದಿತು. ಚಾಂಡಿ, ಬ್ಯಾರೆಟ್, ಬೇಟಿ ಎಂಬ ಮೂವರು ಅದರ ಕರ್ತೃಗಳು. ಸೀಸದ ಮೊಳೆಯ ಕಾಲದಲ್ಲೂ ಲೇಖಕನು ಅಚ್ಚಿನ ವಿಷಯವನ್ನು ಅರಿಯಬೇಕಾಗಿತ್ತೆಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಬಳಿಕ ಸೀಸದ ಮೊಳೆ ಹಿಂದೆ ಸರಿದು ಛಾಯಾಕ್ಷರ ಜೋಡಣೆ ಬಂದಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಡೊನಾಲ್ಡ್ ಕ್ನೂತ್ ಅವರ ‘ದಿ ಆರ್ಟ್ ಆಫ್ ಕಂಪ್ಯೂಟರ್ ಪ್ರೋಗ್ರ್ಯಾಮಿಂಗ್’ ಗ್ರಂಥದ ಮೊದಲ ಸಂಪುಟ 1968ರಲ್ಲಿ ಸೀಸದ ಮೊಳೆಯಲ್ಲಿ ಅಂದವಾಗಿ ಅಚ್ಚಾಗಿತ್ತು. ಎರಡನೆಯ ಸಂಪುಟದ ಪರಿಷ್ಕೃತ ಆವೃತ್ತಿಗೆ 1977ರಲ್ಲಿ ಹೊಸ ವಿಧಾನದ ಕರಡಚ್ಚುಗಳು ಬಂದಾಗ ಅವರಿಗೆ ತೀರ ಅತೃಪ್ತಿಯಾಯಿತು. ಆ ವರ್ಷವೇ ಅವರು ಟೆಕ್ ಪದ್ಧತಿಯ ರಚನೆಗೆ ತೊಡಗಿದರು. ಕಲೆ, ಕುಶಲತೆ ಎಂಬ ಅರ್ಥದ ಗ್ರೀಕ್ ಶಬ್ದದ ಮೊದಲ ಅಕ್ಷರಗಳಿಂದ ಆ ಹೆಸರು ಬಂದಿದೆ. ಉತ್ತಮ ಗಣಿತಮುದ್ರಣದ ಲಕ್ಷಣವೇನೆಂದು ನಿಶ್ಚಯಿಸಲು ಅವರು ತಮ್ಮ ಗ್ರಂಥದ ಹಳೆಯ ಮುದ್ರಣದೊಡನೆ ಸ್ವೀಡನ್ನಿನ ‘ಆಕ್ಟ ಮ್ಯಾಥಮ್ಯಾಟಿಕ’, ಹಾಲೆಂಡಿನ ‘ಇಂಡಗಾಟ್ಸಿಯೋನೆಸ್ ಮ್ಯಾಥಮ್ಯಾಟಿಸೆ’ ಎಂಬ ಪತ್ರಿಕೆಗಳ ಹಳೆಯ ಸಂಚಿಕೆಗಳನ್ನು ಆರಿಸಿಕೊಂಡು, ಚಿಹ್ನೆ ಚಿಹ್ನೆಗಳ ನಡುವಣ ತೆರಪನ್ನು ಅಳೆದು ನೋಡಿದರು. 1980ರ ದಶಕದಲ್ಲಿ ಲೆಸ್ಲಿ ಲ್ಯಾಂಪೋರ್ಟ್ ಇದರ ಮೇಲೆ ಲೇಟೆಕ್ ಎಂಬ ಪದ್ಧತಿಯನ್ನು ಕಟ್ಟಿದರು. ನಮ್ಮ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬಳಸುವುದು ಲೇಟೆಕ್ಕನ್ನೇ.

ಮೊಳೆಗಾರನ ಕೈಯಲ್ಲಿದ್ದ ಅನುಭವವನ್ನು ಕ್ನೂತ್ ಒಂದು ವ್ಯಾಕರಣವನ್ನಾಗಿ ಮಾಡಿದರು. ಅವರ ನಿಜವಾದ ಸಾಧನೆ ಇದು. ಟೆಕ್ ಪದ್ಧತಿಯಲ್ಲಿ ಗಣಿತದ ಪ್ರತಿಯೊಂದು ಚಿಹ್ನೆಗೂ ಒಂದು ವರ್ಗವುಂಟು. ಇಂತಹ ವರ್ಗಗಳು ಎಂಟು: ಅಕ್ಷರ ಅಂಕೆಗಳಂತಹ ಸಾಧಾರಣ ಚಿಹ್ನೆಗಳು; ∑ ಮೊದಲಾದ ದೊಡ್ಡ ಕ್ರಿಯಾಚಿಹ್ನೆಗಳು; ಕೂಡುವ ಕಳೆಯುವ ದ್ವಿಪದ ಚಿಹ್ನೆಗಳು; = ಮೊದಲಾದ ಸಂಬಂಧಚಿಹ್ನೆಗಳು; ತೆರೆಯುವ ಆವರಣ; ಮುಚ್ಚುವ ಆವರಣ; ವಿರಾಮಚಿಹ್ನೆ; ಭಿನ್ನರಾಶಿಯಂತಹ ಅಂತರ್ಗತ ರಚನೆ. ಎರಡು ಚಿಹ್ನೆಗಳ ನಡುವೆ ಎಷ್ಟು ತೆರಪು ಇರಬೇಕೆಂಬುದನ್ನು ಅವುಗಳ ವರ್ಗಗಳು ನಿರ್ಣಯಿಸುತ್ತವೆ. ಮೊಳೆಗಾರರ ಕ್ವಾಡ್ ಎಂಬ ಅಳತೆಯನ್ನು 18 ಭಾಗ ಮಾಡಿದರೆ, ಕಿರಿಯ ತೆರಪಿಗೆ 3 ಭಾಗ, ದ್ವಿಪದ ಚಿಹ್ನೆಯ ಇಕ್ಕೆಲಗಳಲ್ಲಿ 4 ಭಾಗ, ಸಂಬಂಧಚಿಹ್ನೆಯ ಇಕ್ಕೆಲಗಳಲ್ಲಿ 5 ಭಾಗ. ಘಾತಾಂಕದ ಸಣ್ಣಕ್ಷರಗಳಲ್ಲಿ ಕೊನೆಯ ಎರಡು ಬಗೆಯ ತೆರಪುಗಳು ಲೋಪವಾಗುತ್ತವೆ.

ಇದು ಸಂಧಿನಿಯಮಗಳನ್ನು ನೆನಪಿಗೆ ತರುವ ಏರ್ಪಾಡು. ಕಳೆಯುವ ಗೀಟನ್ನೇ ನೋಡಬಹುದು. ‘ಕ್ಷ − ಯ’ ಎಂಬಲ್ಲಿ ಅದು ಎರಡು ಪದಗಳನ್ನು ಕೂಡಿಸುವ ದ್ವಿಪದ ಚಿಹ್ನೆ. ಎರಡೂ ಕಡೆ ತೆರಪು ಬೇಕು. ‘−ಯ’ ಎಂಬಲ್ಲಿ ಅದು ಋಣತ್ವವನ್ನು ಹೇಳುವ ಉಪಸರ್ಗ, ತೆರಪು ಕೂಡದು. ಮೊದಲಲ್ಲಿ ನಿಂತಾಗ ಅಥವಾ ಸಂಬಂಧಚಿಹ್ನೆಯ ಬಳಿಕ ಬಂದಾಗ ಟೆಕ್ ತಾನಾಗಿಯೇ ಆ ಗೀಟಿನ ವರ್ಗವನ್ನು ಬದಲಿಸಿ ಸಾಧಾರಣ ಚಿಹ್ನೆಯನ್ನಾಗಿ ಎಣಿಸುತ್ತದೆ. ಪುಟದ ಮೇಲಿನ ತೆರಪು ಅಲಂಕಾರಕ್ಕೆಂದು ಇರುವುದಲ್ಲ, ಅದು ಅರ್ಥದ ಅಂಗ ಎಂಬುದನ್ನು ಇದರಿಂದ ತಿಳಿಯಬಹುದು.

ಈಗ ರೇಖಾಗಣಿತಕ್ಕೆ ಬರೋಣ. ಕಖ ರೇಖೆಯು ಗಘ ರೇಖೆಗೆ ಲಂಬವೆಂದು ಹೇಳಲು ‘ಕಖ ⊥ ಗಘ’ ಎಂದು ಬರೆಯುತ್ತೇವೆ. ಈ ತಲೆಕೆಳಗಾದ ಚಿಹ್ನೆಗೆ ಟೆಕ್‌ನಲ್ಲಿ ಎರಡು ಆಜ್ಞೆಗಳಿವೆ: \ಪರ್ಪ್ ಮತ್ತು \ಬಾಟ್. ಕ್ನೂತ್ ಅವರ ಮೂಲ ವ್ಯವಸ್ಥೆಯಲ್ಲಿ ಇವೆರಡೂ ಒಂದೇ ಅಕ್ಷರಮಾಲೆಯ ಒಂದೇ ಸ್ಥಾನದಲ್ಲಿರುವ ಒಂದೇ ಮೊಳೆಯನ್ನು ತರುತ್ತವೆ. ವ್ಯತ್ಯಾಸವಿರುವುದು ವರ್ಗದಲ್ಲಿ ಮಾತ್ರ. \ಪರ್ಪ್ ಸಂಬಂಧಚಿಹ್ನೆ, ಅದು ಎರಡು ರೇಖೆಗಳ ನಡುವೆ ನಿಂತು ಸಂಬಂಧವನ್ನು ಹೇಳುತ್ತದೆ. \ಬಾಟ್ ಸಾಧಾರಣ ಚಿಹ್ನೆ. ತರ್ಕಶಾಸ್ತ್ರದಲ್ಲಿ ಮಿಥ್ಯೆಯನ್ನು ಸೂಚಿಸಲು ಅದು ಒಂಟಿಯಾಗಿ ನಿಲ್ಲುತ್ತದೆ. ಎರಡನೆಯದನ್ನು ಲಂಬಕ್ಕೆ ಬಳಸಿದರೆ ಚಿಹ್ನೆಯು ಅಕ್ಕಪಕ್ಕದ ಅಕ್ಷರಗಳಿಗೆ ಅಂಟಿಕೊಳ್ಳುತ್ತದೆ. ಆಗ ವಿದ್ಯಾರ್ಥಿಯು ಮಾಡುವುದೇನು? ಇಕ್ಕೆಲಗಳಲ್ಲೂ ಕೈಯಿಂದ ತೆರಪನ್ನು ತುಂಬುತ್ತಾನೆ. ಪುಟವು ಸರಿಹೋಗುತ್ತದೆ, ಕಡತದಲ್ಲಿ ಮಾತ್ರ ಲಂಬವೆಂಬ ಮಾತೇ ಇಲ್ಲದೆ, ಮಿಥ್ಯೆಯ ಚಿಹ್ನೆಯೊಂದು ಎರಡು ತೆರಪುಗಳ ನಡುವೆ ಉಳಿಯುತ್ತದೆ. ಸಮಾಂತರಕ್ಕೆ \ಪ್ಯಾರಲಲ್ ಎಂಬ ಸಂಬಂಧಚಿಹ್ನೆಯಿರುವಾಗ ಎರಡು ನಿಲುಗೀಟುಗಳನ್ನು ಜೋಡಿಸುವುದೂ, ತ್ರಿಭುಜಕ್ಕೆ \ಟ್ರಯಾಂಗಲ್ ಎಂಬ ಸಾಧಾರಣ ಚಿಹ್ನೆಯಿರುವಾಗ ಗ್ರೀಕ್ ಡೆಲ್ಟ ಅಕ್ಷರವನ್ನು ತರುವುದೂ ಇದೇ ಜಾತಿಯ ದೋಷಗಳು. ಯೂನಿಕೋಡ್ ಪದ್ಧತಿಯು ಡೆಲ್ಟ ಅಕ್ಷರ, ವೃದ್ಧಿಚಿಹ್ನೆ, ತ್ರಿಭುಜಾಕೃತಿ ಈ ಮೂರಕ್ಕೂ ಬೇರೆಬೇರೆ ಸಂಖ್ಯೆಗಳನ್ನು ಕೊಟ್ಟಿದೆ. ಲಂಬಕ್ಕೂ ಮಿಥ್ಯೆಗೂ ಹಾಗೆಯೇ. ಕಣ್ಣಿಗೆ ಒಂದಾಗಿರುವುದು ಅರ್ಥದಲ್ಲಿ ಒಂದಲ್ಲವೆಂಬ ತತ್ತ್ವ ಇಲ್ಲಿಯೂ ಅಂಗೀಕೃತವಾಗಿದೆ.

ಇಷ್ಟು ಗುಣವನ್ನು ಹೇಳಿದ ಮೇಲೆ ಟೆಕ್ ಪದ್ಧತಿಯ ಕೊರತೆಯನ್ನೂ ಹೇಳಬೇಕು. ಅದರ ವ್ಯಾಕರಣ ತೆರಪಿನ ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟನ್ನೇ ಅರ್ಥದಿಂದ ತೆಗೆದುಕೊಂಡಿದೆ. ಉಳಿದೆಡೆ ಅದರ ಆಜ್ಞೆಗಳು ಆಕಾರವನ್ನೇ ಹೆಸರಿಸುತ್ತವೆ. \ಓವರ್‌ಲೈನ್ ಎಂದರೆ ಮೇಲೊಂದು ಗೀಟೆಳೆ ಎಂದಷ್ಟೇ ಅರ್ಥ. ಅಕ್ಷರಗಳ ಮೇಲಿನ ಆ ಗೀಟು ರೇಖಾಖಂಡವೋ, ಸಂಮಿಶ್ರ ಸಂಖ್ಯೆಯ ಸಂಯುಗ್ಮವೋ, ಸರಾಸರಿಯೋ, ಗಣದ ಆವೃತಿಯೋ ಕಡತವು ಹೇಳದು. ಭಿನ್ನರಾಶಿಗೆ ಕ್ನೂತ್ ಕೊಟ್ಟ ಮೂಲ ಆಜ್ಞೆ \ಓವರ್ ಎಂಬುದು. ಮೊದಲು ಅಂಶ, ನಡುವೆ ಆಜ್ಞೆ, ಬಳಿಕ ಛೇದ. ಇದು ಇಂಗ್ಲಿಷ್ ಮಾತಾಡುವವನು ಭಿನ್ನರಾಶಿಯನ್ನು ಉಚ್ಚರಿಸುವ ಕ್ರಮ. ಕನ್ನಡಿಗರು ಹಾಗೆ ಹೇಳುವುದಿಲ್ಲ. ‘ಮೂರನೆಯ ಎರಡರಷ್ಟು ಬಹುಮತ’ ಎನ್ನುತ್ತೇವೆ, ‘ಮೂರರಲ್ಲಿ ಎರಡು ಪಾಲು’ ಎನ್ನುತ್ತೇವೆ. ನಮ್ಮ ಬಾಯಲ್ಲಿ ಛೇದವೇ ಮುಂದು. ಲೇಟೆಕ್ಕಿನಲ್ಲಿ ರೂಢಿಗೆ ಬಂದ \ಫ್ರ್ಯಾಕ್ ಎಂಬ ಆಜ್ಞೆ ‘ಇದು ಭಿನ್ನರಾಶಿ’ ಎಂದು ಮೊದಲೇ ಸಾರಿ, ಅಂಶಕ್ಕೂ ಛೇದಕ್ಕೂ ಪ್ರತ್ಯೇಕ ಸ್ಥಾನಗಳನ್ನು ಕೊಡುತ್ತದೆ. ಯಾವ ಭಾಷೆಯವನು ಯಾವ ಕ್ರಮದಲ್ಲಿ ಓದಿಕೊಂಡರೂ ಕಡತಕ್ಕೆ ಬಾಧಕವಿಲ್ಲ. ಒಂದು ಭಾಷೆಯ ಉಚ್ಚಾರಣೆಯನ್ನು ಅನುಕರಿಸುವ ಸಂಕೇತಕ್ಕಿಂತ ರಚನೆಯನ್ನು ಹೆಸರಿಸುವ ಸಂಕೇತ ಮೇಲೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಗಣಿತವನ್ನು ಓದಿ ಹೇಳುವ ಪ್ರಶ್ನೆ ಇಲ್ಲಿ ತಾನಾಗಿ ಏಳುತ್ತದೆ. ನಮ್ಮ ನಾಡಿನಲ್ಲಿ ಗಣಿತವು ಕಣ್ಣಿನ ವಿದ್ಯೆಯಾಗುವುದಕ್ಕೆ ಮೊದಲು ಕಿವಿಯ ವಿದ್ಯೆಯಾಗಿತ್ತು. ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ ‘ಗಣಿತಸಾರಸಂಗ್ರಹ’ ಪದ್ಯರೂಪವಾದದ್ದು. ಕ್ಷೇತ್ರಗಣಿತವೂ ಅದರಲ್ಲಿ ಸೇರಿದೆ. 12ನೆಯ ಶತಮಾನದ ರಾಜಾದಿತ್ಯನು ಗಣಿತವನ್ನು ಕನ್ನಡದಲ್ಲಿಯೇ ಬರೆದನು. ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ ಮೊದಲಾದವು ಅವನ ಕೃತಿಗಳು. ಪದ್ಯದಲ್ಲಿ ಬರೆದ ಸೂತ್ರಕ್ಕೆ ಚಿಹ್ನೆಯ ಆಸರೆಯಿಲ್ಲ. ಯಾವುದು ಭುಜ, ಯಾವುದು ಕರ್ಣ ಎಂಬುದನ್ನು ಮಾತೇ ಹೇಳಬೇಕು. ಇದಕ್ಕೆ ತೀರ ಎದುರಾದ ಪ್ರಯೋಗವೂ ನಡೆದಿದೆ. 1847ರಲ್ಲಿ ಲಂಡನ್ನಿನಲ್ಲಿ ಆಲಿವರ್ ಬರ್ನ್ ಪ್ರಕಟಿಸಿದ ಯೂಕ್ಲಿಡ್ ಆವೃತ್ತಿಯಲ್ಲಿ ಅಕ್ಷರಗಳ ಬದಲು ಕೆಂಪು, ಹಳದಿ, ನೀಲಿ ಬಣ್ಣಗಳ ತುಂಡುಗಳೇ ವಾಕ್ಯದ ನಡುವೆ ನಿಲ್ಲುತ್ತವೆ. ಮುದ್ರಣಕಲೆಯ ದೃಷ್ಟಿಯಿಂದ ಅದು ಅತ್ಯಂತ ಮನೋಹರವಾದ ಗ್ರಂಥ. ಆದರೆ ಗಟ್ಟಿಯಾಗಿ ಓದಹೊರಟವನ ಬಾಯಿ ಕಟ್ಟುತ್ತದೆ.

ಈ ಭೇದ ಇಂದು ಕೇವಲ ಅಭಿರುಚಿಯ ವಿಷಯವಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಪುಟವಿಲ್ಲ. ಕಡತವೇ ಅವನ ಪುಸ್ತಕ. ಪುಣೆಯಲ್ಲಿ ಹುಟ್ಟಿದ, ಸ್ವತಃ ದೃಷ್ಟಿಹೀನರಾದ ಗಣಕವಿಜ್ಞಾನಿ ಟಿ. ವಿ. ರಾಮನ್ ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ 1994ರಲ್ಲಿ ಪೂರೈಸಿದ ಪ್ರಬಂಧವು ಲೇಟೆಕ್ ಕಡತವನ್ನು ಧ್ವನಿಯಾಗಿ ಓದುವ ‘ಆಸ್ಟರ್’ ಎಂಬ ವ್ಯವಸ್ಥೆಯನ್ನು ಕುರಿತದ್ದು. ಆ ವ್ಯವಸ್ಥೆ ಕಡತದ ರಚನೆಯನ್ನು ಅರಿತು ಓದುತ್ತದೆ. ಲೇಖಕನು ತಾನೇ ಸೃಷ್ಟಿಸಿದ ಆಜ್ಞೆಗಳಿಗೂ ಅದರಲ್ಲಿ ತಕ್ಕ ಓದುಕ್ರಮವನ್ನು ಗೊತ್ತುಪಡಿಸಬಹುದು. ಇದರ ಫಲಿತಾರ್ಥ ಸ್ಪಷ್ಟವಾಗಿದೆ. ಕಡತದಲ್ಲಿ \ಓವರ್‌ಲೈನ್ ಎಂದಷ್ಟೇ ಇದ್ದರೆ ಕೇಳುಗನಿಗೆ ದೊರೆಯುವುದು ‘ಮೇಲ್ಗೀಟು, ಕ, ಖ’ ಎಂಬ ವರ್ಣನೆ. ಲೇಖಕನು \ಖಂಡ ಎಂಬ ಆಜ್ಞೆಯನ್ನು ಸೃಷ್ಟಿಸಿ, ಅದರ ಮುದ್ರಿತರೂಪ ಮೇಲ್ಗೀಟೆಂದು ಕಡತದ ಮೊದಲಲ್ಲಿ ಒಮ್ಮೆ ನಿರೂಪಿಸಿದ್ದರೆ ‘ರೇಖಾಖಂಡ ಕಖ’ ಎಂಬ ಗಣಿತ ದೊರೆಯಬಲ್ಲದು. ಪುಟದಲ್ಲಿ ಎರಡಕ್ಕೂ ಎಳ್ಳಷ್ಟೂ ವ್ಯತ್ಯಾಸವಿಲ್ಲ.

ಆಕೃತಿಗಳ ವಿಷಯದಲ್ಲೂ ಇದೇ ನ್ಯಾಯ. ಇಂದು ಆಕೃತಿಯನ್ನೂ ಸಂಕೇತಗಳಿಂದಲೇ ಬರೆಯಬಹುದು. ಟಿಲ್ ಟಾಂಟೌ ರಚಿಸಿದ ಟಿಕ್‌ಜ಼ೆಡ್ ಎಂಬ ಸಾಧನ ಇದಕ್ಕೆ ಪ್ರಸಿದ್ಧವಾಗಿದೆ. ಪಾದ 4 ಸೆಂಟಿಮೀಟರ್ ಇರುವ ಸಮಬಾಹು ತ್ರಿಭುಜವನ್ನು ಬರೆಯಬೇಕಾಗಿದೆಯೆನ್ನೋಣ. ಒಬ್ಬನು ಮೂರು ಶೃಂಗಗಳನ್ನು (0, 0), (4, 0), (2, 3.46) ಎಂದು ಅಂಕೆಗಳಿಂದ ಕೊಡುತ್ತಾನೆ. ಪುಟದ ಮೇಲೆ ಯಾರಿಗೂ ದೋಷ ಕಾಣದು. ಆದರೆ ಲೆಕ್ಕಮಾಡಿದರೆ ಇತರ ಎರಡು ಬಾಹುಗಳ ಉದ್ದ ಸುಮಾರು 3.996. ಅಂದರೆ ಕಡತದಲ್ಲಿರುವುದು ಸಮದ್ವಿಬಾಹು ತ್ರಿಭುಜ. ಪಾದದ ಉದ್ದವನ್ನು ಮಾತ್ರ ಬದಲಿಸಿದರೆ ಆಕೃತಿಯೇ ಕೆಡುತ್ತದೆ. ಇನ್ನೊಬ್ಬನು ಯೂಕ್ಲಿಡನ ಮೊದಲನೆಯ ಅಧ್ಯಾಯದ ಮೊದಲನೆಯ ಪ್ರತಿಜ್ಞೆಯಂತೆ, ಕ ಕೇಂದ್ರವಾಗಿ ಖ ಮೂಲಕ ಒಂದು ವೃತ್ತ, ಖ ಕೇಂದ್ರವಾಗಿ ಕ ಮೂಲಕ ಇನ್ನೊಂದು ವೃತ್ತ, ಅವು ಛೇದಿಸುವ ಬಿಂದು ಗ ಎಂದು ಬರೆಯುತ್ತಾನೆ. ಪಾದವನ್ನು ಹೇಗೆ ಬದಲಿಸಿದರೂ ತ್ರಿಭುಜ ಸಮಬಾಹುವಾಗಿಯೇ ಉಳಿಯುತ್ತದೆ. ಮೊದಲನೆಯವನು ಆಕೃತಿಯ ಚಿತ್ರವನ್ನು ಬರೆದನು. ಎರಡನೆಯವನು ಆಕೃತಿಯ ರಚನೆಯನ್ನು ಬರೆದನು. ರಾಟ್‌ಡೋಲ್ಟನ ಪುಟದಲ್ಲಿ ಅಂಚಿನಲ್ಲಿದ್ದ ಆಕೃತಿಯು ಈ ಎರಡನೆಯ ಕಡತದಲ್ಲಿ ಪಠ್ಯದೊಡನೆ ಸೇರಿಕೊಂಡು ತಾನೂ ಓದತಕ್ಕ ಬರಹವಾಗಿದೆ.

ಕನ್ನಡದಲ್ಲಿ ಗಣಿತವನ್ನು ಬರೆಯುವವರಿಗೆ ಇದರ ಜೊತೆಗೆ ಎರಡು ವಿಶೇಷ ತೊಡಕುಗಳಿವೆ. ಒಂದು, ಲಿಪಿಯದು. 2004ರಲ್ಲಿ ಜೊನಾಥನ್ ಕ್ಯೂ ಹೊರತಂದ ಜ಼ೀಟೆಕ್ ಯೂನಿಕೋಡ್ ಅಕ್ಷರಗಳನ್ನು ನೇರವಾಗಿ ಓದಬಲ್ಲದಾದ್ದರಿಂದ ಕನ್ನಡ ಗದ್ಯದ ಜೋಡಣೆ ಈಗ ಸುಲಭ. ಆದರೆ ಗಣಿತದ ಭಾಗದೊಳಗೆ ಈ ಪದ್ಧತಿ ಪ್ರತಿಯೊಂದು ಅಕ್ಷರಸಂಕೇತವನ್ನೂ ಪ್ರತ್ಯೇಕ ಚಿಹ್ನೆಯೆಂದು ಎಣಿಸುತ್ತದೆ. ವ್ಯಂಜನವೂ ಸ್ವರಚಿಹ್ನೆಯೂ ಬೆರೆತು ಒಂದಾಗುವ ನಮ್ಮ ‘ಕೋ’ ಅಂತಹ ಅಕ್ಷರ ಅಲ್ಲಿ ಸರಿಯಾಗಿ ಮೂಡದು. ಆದ್ದರಿಂದ ಸಮೀಕರಣದ ನಡುವೆ ಬರುವ ‘ಕೋನ’, ‘ಎತ್ತರ’ ಮುಂತಾದ ಮಾತುಗಳನ್ನು ಪಠ್ಯವೆಂದು ಗುರುತಿಸುವ ಆಜ್ಞೆಯೊಳಗೇ ಇಡಬೇಕು. ಇದು ಯಂತ್ರದ ನಿರ್ಬಂಧವಾದರೂ ತತ್ತ್ವಕ್ಕೆ ಒಪ್ಪುವುದೇ: ಮಾತು ಮಾತೆಂದೂ ಚಿಹ್ನೆ ಚಿಹ್ನೆಯೆಂದೂ ಕಡತದಲ್ಲಿ ತಿಳಿಯಬೇಕು.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು, ವಿಭಕ್ತಿಯದು. ರೋಮನ್ ಅಕ್ಷರಗಳ ಗಣಿತದಲ್ಲಿ ಬಿಂದುವಿನ ಹೆಸರು ವಾಲಿದ ಮೊಳೆಯಲ್ಲಿ ಮುದ್ರಿತವಾಗಿ ವಾಕ್ಯದ ಇತರ ಅಕ್ಷರಗಳಿಂದ ಬೇರೆಯಾಗುತ್ತದೆ. ಕನ್ನಡದಲ್ಲಿ ಅದಕ್ಕೆಂದೇ ರೂಢವಾದ ಬೇರೆ ಮೊಳೆಯಿಲ್ಲ. ಮೇಲಾಗಿ ವಿಭಕ್ತಿಪ್ರತ್ಯಯವು ಹೆಸರಿಗೆ ಅಂಟಿಕೊಳ್ಳುತ್ತದೆ. ‘ಕಖ ರೇಖೆಯು ಗಘಗೆ ಲಂಬ’ ಎಂದು ಬರೆದರೆ, ಕೊನೆಯ ‘ಗೆ’ ಚತುರ್ಥಿಯ ಪ್ರತ್ಯಯವೋ ಮೂರನೆಯ ಬಿಂದುವೋ ಎಂದು ಓದುಗನು ತಡವರಿಸುತ್ತಾನೆ. ಮೇಲೆ ನಾವು ‘ಗಘ ರೇಖೆಗೆ’ ಎಂದು ಬಿಡಿಸಿ ಬರೆದದ್ದು ಈ ಕಾರಣದಿಂದಲೇ. ಬಿಂದುಗಳ ಹೆಸರನ್ನು ತನ್ನದೇ ಆಜ್ಞೆಯಿಂದ ಗುರುತಿಸಿದ ಲೇಖಕನಿಗೆ ಪರಿಹಾರ ಸುಲಭ. ಹೆಸರಿಗೆ ದಪ್ಪ ಮೊಳೆ ಬೇಕೆ, ಪ್ರತ್ಯಯಕ್ಕೆ ಮೊದಲು ಕಿರಿಯ ತೆರಪು ಬೇಕೆ ಎಂಬುದನ್ನು ಅವನು ಒಂದು ಕಡೆ ನಿರ್ಣಯಿಸಿದರೆ ಗ್ರಂಥದುದ್ದಕ್ಕೂ ಅದು ಜಾರಿಗೆ ಬರುತ್ತದೆ. ಅಕ್ಷರಗಳನ್ನು ಬರಿದೆ ಬರೆದುಕೊಂಡು ಹೋದವನು ಪುಟಪುಟವನ್ನೂ ಕೈಯಿಂದ ತಿದ್ದಬೇಕು.

ಇಲ್ಲಿ ಆಕ್ಷೇಪವೊಂದು ಬರಬಹುದು. ಗಣಿತದ ಸಂಕೇತವು ಸ್ವಲ್ಪ ಸಡಿಲವಾಗಿರುವುದು ದೋಷವಲ್ಲ, ಸೌಕರ್ಯ. ಪ್ರತಿಯೊಂದು ಭೇದವನ್ನೂ ಬರೆಯಹೊರಟರೆ ಕೈ ಸೋಲುತ್ತದೆ ಎಂದು. ಈ ಮಾತಿನಲ್ಲಿ ತಥ್ಯವಿದೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನ ಮತ್ತು ತರಬೇತಿ ಮಂಡಳಿಯು 2006ರಲ್ಲಿ ಪ್ರಕಟಿಸಿದ ಒಂಬತ್ತನೆಯ ತರಗತಿಯ ಗಣಿತ ಪುಸ್ತಕವು ರೇಖೆ, ಕಿರಣ, ರೇಖಾಖಂಡ, ಅದರ ಉದ್ದ ಇವುಗಳಿಗಿರುವ ಬೇರೆಬೇರೆ ಚಿಹ್ನೆಗಳನ್ನು ಹೇಳಿ, ಮುಂದೆ ಎಲ್ಲಕ್ಕೂ ಎರಡಕ್ಷರಗಳ ಒಂದೇ ಚಿಹ್ನೆಯನ್ನು ಬಳಸಿತು. ಅರ್ಥವನ್ನು ಸಂದರ್ಭಕ್ಕೆ ಬಿಟ್ಟಿತು. ಬಾಲಕರ ಪುಸ್ತಕಕ್ಕೆ ಅದು ತಕ್ಕ ನಿರ್ಧಾರವೇ. ಇತ್ತ, 1998ರಲ್ಲಿ ವರ್ಲ್ಡ್ ವೈಡ್ ವೆಬ್ ಕನ್ಸೋರ್ಷಿಯಂ ಅಂಗೀಕರಿಸಿದ ಮ್ಯಾಥ್‌ಎಂಎಲ್ ಪದ್ಧತಿಯಲ್ಲಿ ರೂಪಕ್ಕೊಂದು ಅರ್ಥಕ್ಕೊಂದು ಎಂದು ಎರಡು ಶಾಖೆಗಳೇ ಇವೆ. ಅದರ ಅರ್ಥಶಾಖೆ ನಿಷ್ಕೃಷ್ಟವಾದದ್ದಾದರೂ ಕೈಯಿಂದ ಬರೆಯುವವನಿಗೆ ಅತಿ ದೀರ್ಘವಾದದ್ದು.

ಆದರೆ ಈ ಆಕ್ಷೇಪ ಪುಟಕ್ಕೂ ಕಡತಕ್ಕೂ ಇರುವ ಭೇದವನ್ನು ಮರೆಯುತ್ತದೆ. ಪುಟವು ಸಡಿಲವಾಗಿರಲಿ ಎಂದಮಾತ್ರಕ್ಕೆ ಕಡತವೂ ಸಡಿಲವಾಗಬೇಕಾಗಿಲ್ಲ. \ರೇಖೆ, \ಕಿರಣ, \ಖಂಡ, \ಉದ್ದ ಎಂಬ ನಾಲ್ಕು ಆಜ್ಞೆಗಳನ್ನು ಸೃಷ್ಟಿಸಿ, ನಾಲ್ಕೂ ‘ಕಖ’ ಎಂದೇ ಮುದ್ರಿಸಲಿ ಎಂದು ವಿಧಿಸಬಹುದು. ಬಾಲಕನಿಗೆ ಪುಟವು ಸರಳವಾಗಿಯೇ ಇರುತ್ತದೆ. ನಾಳೆ ಅದೇ ಗ್ರಂಥವನ್ನು ಕಾಲೇಜಿನ ತರಗತಿಗೆ ಅಳವಡಿಸುವಾಗ ನಾಲ್ಕು ಸಾಲುಗಳನ್ನು ಬದಲಿಸಿದರೆ ನಾಲ್ಕು ಚಿಹ್ನೆಗಳೂ ಗ್ರಂಥದುದ್ದಕ್ಕೂ ಬೇರೆಬೇರೆಯಾಗಿ ಮೂಡುತ್ತವೆ. ಕೈ ಸೋಲುವ ಮಾತೂ ನಿಲ್ಲದು. \ಖಂಡ ಎಂದು ಬರೆಯುವುದು \ಓವರ್‌ಲೈನ್ ಎಂದು ಬರೆಯುವುದಕ್ಕಿಂತ ಅಲ್ಪಶ್ರಮದ ಕೆಲಸ. ಹೆಚ್ಚಿನ ಶ್ರಮವಿರುವುದು ಯೋಚನೆಯಲ್ಲಿ: ಈ ಸಾಲಿನಲ್ಲಿ ನಾನು ಹೇಳುತ್ತಿರುವುದು ರೇಖಾಖಂಡವನ್ನೋ ಅದರ ಉದ್ದವನ್ನೋ ಎಂದು ಲೇಖಕನು ನಿಂತು ಕೇಳಿಕೊಳ್ಳಬೇಕು. ಆ ಪ್ರಶ್ನೆಯನ್ನು ಕೇಳಿಸುವುದೇ ಗಣಿತಶಿಕ್ಷಣದ ಕೆಲಸವಷ್ಟೆ.

ಆದ್ದರಿಂದ ನಮ್ಮ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಬೆರಳಚ್ಚಿನ ಮುಂದುವರಿಕೆಯೆಂದು ಕಾಣದೆ ಗಣಿತದ ಅಂಗವೆಂದೇ ಕಲಿಸಬೇಕೆಂದು ಸೂಚಿಸುತ್ತೇವೆ. ವಿದ್ಯಾರ್ಥಿಗೆ ಆಜ್ಞೆಗಳ ಪಟ್ಟಿಯನ್ನು ಕೊಡುವ ಮೊದಲು ಎಂಟು ವರ್ಗಗಳನ್ನು ತಿಳಿಸಬೇಕು. ಕೈಯಿಂದ ತುಂಬಿದ ತೆರಪು ಕಡತದಲ್ಲಿ ಕಂಡರೆ, ಅಲ್ಲಿ ತಪ್ಪು ಚಿಹ್ನೆಯೊಂದು ಅಡಗಿರಬಹುದೆಂದು ಶಂಕಿಸುವುದನ್ನು ಅವನು ಕಲಿಯಬೇಕು. ಪ್ರಬಂಧದ ಮೊದಲಲ್ಲಿ ತನ್ನ ಸಂಕೇತಗಳನ್ನು ಅರ್ಥದ ಹೆಸರಿನಿಂದ ನಿರೂಪಿಸುವುದು ನಿಯಮವಾಗಬೇಕು. ಪ್ರಬಂಧವನ್ನು ಪರೀಕ್ಷಿಸುವ ಅಧ್ಯಾಪಕರು ಅಚ್ಚಾದ ಪುಟದೊಡನೆ ಕಡತವನ್ನೂ ತರಿಸಿ, ಅದರ ಒಂದೆರಡು ಪುಟಗಳನ್ನಾದರೂ ಗಟ್ಟಿಯಾಗಿ ಓದಿಸಿ ಕೇಳುವುದು ಒಳ್ಳೆಯದು. ಹಾಗೆ ಓದಿದಾಗ ಗೀಟು, ತೆರಪು, ಬಾಣಗಳ ವರ್ಣನೆ ಮಾತ್ರ ಕಿವಿಗೆ ಬಿದ್ದರೆ ಆ ಕಡತವನ್ನು ತಿದ್ದಲು ಹಿಂದಿರುಗಿಸಬೇಕು. ರೇಖೆ, ಲಂಬ, ತ್ರಿಭುಜಗಳು ಕೇಳಿಬಂದರೆ ಅದನ್ನು ಗಣಿತವೆಂದು ಅಂಗೀಕರಿಸಬಹುದು.